ಗೋದಾಮಿನಲ್ಲಿ ಎಷ್ಟಿದೆ ಅಂತ ಮಾತ್ರ ಕೇಳಬೇಡಿ

ಕಲಬುರಗಿಯ ನೆಹರೂ ಗಂಜಿನಲ್ಲಿ ಯಾವ ಸಾವಕಾರರ ಗಾದಿಯ ಮುಂದೆ ಬೇಕಾದರೂ ಕೂತು ಚಹಾ ಕುಡಿಯಬಹುದು. ಮಗಳ ಸಂಬಂಧ ಎಲ್ಲಿಗೆ ಬಂತು, ಮಗ ಪುಣೆಯಲ್ಲಿ ಏನು ಓದುತ್ತಾನೆ, ಮೊಣಕಾಲು ನೋವಿಗೆ ಸೊಲ್ಲಾಪುರದ ಡಾಕ್ಟರು ಏನಂದರು, ಎಲ್ಲ ಕೇಳಬಹುದು. "ಗೋದಾಮಿನಾಗ ತೊಗರಿ ಎಷ್ಟ್ ಅದರೀ?" ಅಂತ ಮಾತ್ರ ಕೇಳಬಾರದು. ಅವರಿಗೆ ಉತ್ತರ ಗೊತ್ತಿಲ್ಲ ಅಂತಲ್ಲ. ಉತ್ತರಗಳು ಬಹಳ ಇರುತ್ತವೆ. ಅದರಲ್ಲಿ ಯಾವುದನ್ನು ಕೊಡಬೇಕು ಎಂಬುದನ್ನು ನಿಮ್ಮ ಮುಖ ನೋಡಿ ತೀರ್ಮಾನಿಸಬೇಕಾಗುತ್ತದೆ.

ಬ್ಯಾಂಕಿಗೆ ತಿಂಗಳ ತಿಂಗಳ ಹೋಗುವ ಲೆಕ್ಕ ಮೈಕೈ ತುಂಬಿಕೊಂಡಿರುತ್ತದೆ. ದಾಸ್ತಾನು ಹೆಚ್ಚಿದಷ್ಟೂ ಎತ್ತಬಹುದಾದ ಸಾಲ ಹೆಚ್ಚು. ಸರ್ಕಾರಕ್ಕೆ ಹೋಗುವ ಲೆಕ್ಕ ಶ್ರಾವಣದ ಉಪವಾಸ ಮಾಡಿ ಬಂದಿರುತ್ತದೆ. ವಿಮೆಯ ಲೆಕ್ಕ ಪ್ರೀಮಿಯಂ ಕಟ್ಟುವ ದಿನ ಸಣ್ಣದು, ಶಾರ್ಟ್ ಸರ್ಕಿಟ್ ಆದ ಮರುದಿನ ದೊಡ್ಡದು. ಪಾಲು ಕೇಳುವ ತಮ್ಮನಿಗೆ ಹೇಳುವುದು ಬೇರೆ, ತಮ್ಮನ ಹೆಂಡತಿಯ ತವರಿನವರಿಗೆ ಹೇಳುವುದು ಇನ್ನೂ ಬೇರೆ. ಖರೇ ಲೆಕ್ಕವೂ ಒಂದಿರುತ್ತದೆ. ಅದು ಮುನೀಮರ ತಲೆಯಲ್ಲಿ ಇರುತ್ತದೆ, ಮತ್ತು ಮುನೀಮರು ಅಪರಿಚಿತರ ಎದುರು ಟೋಪಿ ತೆಗೆಯುವುದಿಲ್ಲ.

(ಈ ಬರಹದ ಸಾವಕಾರರು ಯಾರೂ ಒಬ್ಬರಲ್ಲ. ಹತ್ತಾರು ಜನರನ್ನು ಒಂದೇ ಗಾದಿಯ ಮೇಲೆ ಕೂರಿಸಿದ್ದೇನೆ. ಯಾರಾದರೂ ತಮ್ಮ ಮೈಮೇಲೆ ಎಳೆದುಕೊಂಡರೆ ಅದು ಅವರ ಪ್ರಾಮಾಣಿಕತೆ.)

ಇಂಥ ಗಾದಿಯ ಮುಂದೆ ಬೆಂಗಳೂರಿನಿಂದ ಒಬ್ಬ ಹುಡುಗ ಲ್ಯಾಪ್‌ಟಾಪ್ ತೆರೆದು ಕೂತ. ಇಸ್ತ್ರಿ ಅಂಗಿ, ಕೊರಳಲ್ಲಿ ಕಂಪನಿಯ ಪಟ್ಟಿ. ಮಾರಲು ಬಂದದ್ದು ಗೋದಾಮು ನೋಡಿಕೊಳ್ಳುವ ಸಾಫ್ಟ್‌ವೇರ್. ಯಾವ ಚೀಲ ಯಾವಾಗ ಬಂತು, ಯಾವ ಸಾಲಿನಲ್ಲಿ ಇದೆ, ಯಾವುದು ಮೊದಲು ಹೊರಗೆ ಹೋಗಬೇಕು, ಯಾರು ಎತ್ತಿದರು, ಎಲ್ಲವನ್ನೂ ಅದು ಹೇಳುತ್ತದೆ. ಸಾವಕಾರರು ತಲೆಯಾಡಿಸುತ್ತ ಕೇಳಿದರು. ಕೊನೆಗೆ ಹುಡುಗ ತನ್ನ ಬತ್ತಳಿಕೆಯ ದೊಡ್ಡ ಬಾಣ ತೆಗೆದ. "ಸರ್, ಇದರ ದೊಡ್ಡ ಲಾಭ ಅಂದ್ರೆ, ಇನ್ಮೇಲೆ ಎಲ್ಲರಿಗೂ ಒಂದೇ ಲೆಕ್ಕ ಕಾಣತ್ತೆ. ನಿಮಗೆ, ಬ್ಯಾಂಕಿಗೆ, ಆಡಿಟರಿಗೆ, ಎಲ್ಲರಿಗೂ."

ಗಾದಿಯ ಮೇಲೆ ಮೌನ. ಮುನೀಮರು ಕನ್ನಡಕ ಒರೆಸಿದರು. ಸಾವಕಾರರು ಬಹಳ ಮೆತ್ತಗೆ ಕೇಳಿದರು: "ತಮ್ಮಾ, ಎಲ್ಲರಿಗೂ ಒಂದೇ ಲೆಕ್ಕ ಅಂದ್ರ ಧಂದಾ ಹ್ಯಾಂಗ್ ಮಾಡೋದು?"

ಹುಡುಗ ಚುರುಕು. ಸೋಲುವವನಲ್ಲ. "ಇಲ್ಲ ಸರ್, ಬೇಕಾದ್ರೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಬಹುದು. ಅವರವರಿಗೆ ಬೇಕಾದಷ್ಟೇ ಕಾಣೋ ಹಾಗೆ ಮಾಡಬಹುದು."

"ಇದನ್ನ ಮೊದಲೇ ಹೇಳಬೇಕಿಲ್ಲೇನು!" ಅಂದರು ಸಾವಕಾರರು. ಇನ್ನೊಂದು ಸುತ್ತು ಚಹಾ ಬಂತು.

ವ್ಯಾಪಾರಕ್ಕೆ ಗೋದಾಮಿನ ಸಾಫ್ಟ್‌ವೇರ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ತಜ್ಞರು ಖರ್ಚು, ಉಳಿತಾಯ, ತರಬೇತಿ ಎಂದು ಪುಟಗಟ್ಟಲೆ ಬರೆಯುತ್ತಾರೆ. ಅವರು ಬಿಡುವ ಪ್ರಶ್ನೆ ಒಂದೇ: ಎಷ್ಟಿದೆ ಎಂದು ತಿಳಿಯುವುದು ಯಾರಿಗಾದರೂ ಬೇಕಾಗಿದೆಯೇ? ನಮ್ಮ ಕಡೆ ಧಾನ್ಯ ಇಡುವ ವಿದ್ಯೆಯೆಲ್ಲ ಬೆಳೆದದ್ದು ಎಷ್ಟಿದೆ ಎಂಬುದು ತಿಳಿಯದಿರಲಿ ಅಂತಲೇ. ಹಳೆಯ ವಾಡೆಗಳ ಅಂಗಳದಲ್ಲಿ ಹಗೇವು ಇರುತ್ತಿತ್ತು. ನೆಲದೊಳಗೆ ತೋಡಿದ ಗುಂಡಿ, ಸುತ್ತ ಹುಲ್ಲು, ಬಾಯಿಗೆ ಕಲ್ಲು, ಮೇಲೆ ಮಣ್ಣು ಮೆತ್ತಿದರೆ ಮುಗಿಯಿತು, ಜೋಳ ವರ್ಷಗಟ್ಟಲೆ ಇರುತ್ತಿತ್ತು. ಗಾಳಿಯಿಲ್ಲದೆ ಹುಳ ಸಾಯುತ್ತಿದ್ದವು. ತೆರೆದ ದಿನ ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಒಳಗೆ ಮನುಷ್ಯ ಇಳಿಯಬಾರದು, ಇಳಿದರೆ ಮೇಲೆ ಬರುವುದು ಹೆಣ. ನಿಜಾಮರ ರಾಜ್ಯದಲ್ಲಿ ಲೆವಿ ಎಂಬ ಕಡ್ಡಾಯದ ಧಾನ್ಯ ಎತ್ತಲು ಬಂದವರು ಇಂಥ ಅಂಗಳದಲ್ಲೇ ಬಾಜಿನ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗಿರಬೇಕು, ಕಾಲ ಕೆಳಗೆ ಏನಿದೆ ಎಂದು ತಿಳಿಯದೆ. ಆ ಮನೆತನಗಳ ಮೊಮ್ಮಕ್ಕಳಿಗೆ ಈಗ ಬಾರ್‌ಕೋಡ್ ಮಾರಲು ಹೊರಟಿದ್ದೇವೆ.

ಈಗಿನ ಲೆವಿಯ ಹೆಸರು ದಾಸ್ತಾನು ಮಿತಿ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಸುತ್ತ ಕುಣಿದಾಗ ಗೋದಾಮುಗಳ ಮೇಲೆ ದಾಳಿಗಳಾದವು. 2023ರ ಜೂನ್ 2ರಂದು ಕೇಂದ್ರ ಮತ್ತೆ ಮಿತಿ ಹೇರಿತು: ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಇದ್ದದ್ದನ್ನು ಪೋರ್ಟಲ್‌ನಲ್ಲಿ ಘೋಷಿಸಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಸಗಟಿನ ಮಿತಿ 50 ಟನ್‌ಗೆ ಇಳಿಯಿತು. ಅಂದರೆ ಅರ್ಧ ಕ್ವಿಂಟಲ್ಲಿನ 4,000 ಚೀಲ ಇಟ್ಟುಕೊಂಡು ನಿನ್ನೆಯ ತನಕ ಮರ್ಯಾದಸ್ಥನಾಗಿದ್ದವನು ಇನ್ನು 1,000 ಚೀಲಕ್ಕೆ ಇಳಿಯಬೇಕು. ಉಳಿದ ಮೂರು ಸಾವಿರ ಚೀಲ ಎಲ್ಲಿ ಹೋದವು? ಮಾರಿದವರು ಮಾರಿದರು. ಕೆಲವು ಕಡೆ ಚೀಲಗಳು ಭಾವಮೈದುನನ ಹೆಸರಿಗೆ ಹೋದವು, ಇದ್ದ ಜಾಗ ಬಿಟ್ಟು ಕದಲಲಿಲ್ಲ ಎಂಬುದು ಚಹಾದಂಗಡಿಯ ಮಾತು. ಯಾವ ಸಾಫ್ಟ್‌ವೇರಿಗೂ ಈ ಚಲನೆ ಸಿಗದು. ಅದು ಚೀಲದ ಜಾಗ ಬದಲಾದರೆ ಹಿಡಿಯುತ್ತದೆ, ಧಣಿ ಬದಲಾದರೆ ನಂಬುತ್ತದೆ.

ಪರದೆಯ ಮೇಲೆ ಮೂಡಿದ್ದೆಲ್ಲ ಖರೆಯಲ್ಲ ಎಂದು ಇದೇ ಕಲಬುರಗಿ ಜಿಲ್ಲೆಯ ಆಳಂದದವರಿಗೆ ಪಾಠ ಹೇಳುವ ಅಗತ್ಯವೂ ಇಲ್ಲ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಇದೇ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಉಳಿದವರು ಊರಲ್ಲೇ ಇದ್ದರು, ಬದುಕಿದ್ದರು, ತಾವು ಅರ್ಜಿಯೊಳಗೆ ಇಲ್ಲವಾಗಿರುವುದು ಅವರಿಗೆ ತಿಳಿದಿರಲಿಲ್ಲ. ಅದನ್ನು ಪತ್ತೆ ಹಚ್ಚಿದ್ದು ಇನ್ನೊಂದು ಸಾಫ್ಟ್‌ವೇರ್ ಅಲ್ಲ, ಬಾಗಿಲು ಬಡಿದು ಕೇಳಿದ ಮನುಷ್ಯರು. ಗೋದಾಮಿನಲ್ಲೂ ಅಷ್ಟೇ. ಒಳಗೆ ಹೋಗಿ ಎಣಿಸಬೇಕು. ಎಣಿಸುವ ರೂಢಿ ಇದ್ದವನಿಗೆ ಸಾಫ್ಟ್‌ವೇರ್ ಕೆಲಸ ಹಗುರ ಮಾಡುತ್ತದೆ. ರೂಢಿಯೇ ಇಲ್ಲದವನಿಗೆ ಅದು ಸುಳ್ಳನ್ನು ಬಣ್ಣದ ನಕ್ಷೆಯಲ್ಲಿ ಮುದ್ರಿಸಿ ಕೊಡುತ್ತದೆ.

ಇರಲಿ, ಡೆಮೊ ನಡೆಯಲೇಬೇಕಲ್ಲ. ಹುಡುಗನನ್ನು ಗೋದಾಮಿಗೆ ಕರೆದುಕೊಂಡು ಹೋದರು. ಅವನು ಸಾಲು, ಖಾನೆ, ಮಹಡಿಗೆಲ್ಲ ಸಂಖ್ಯೆ ಕೊಡಲು ಶುರು ಮಾಡಿದ: ಎ-3-2, ಬಿ-1-4. ಹಮಾಲರ ಮುಕಾದಮ ಬೀಡಿ ಕಿವಿಗೆ ಸಿಗಿಸಿಕೊಂಡು ಸ್ವಲ್ಪ ಹೊತ್ತು ನೋಡಿ ಅಂದ: "ಸಾಹೇಬ್ರ, ಅದು ಹಣಮಪ್ಪನ ಫೋಟೊ ಥಪ್ಪಿ. ಇದು ಸೋರೋ ಮೂಲಿ. ಆಕಡಿದು ಇಲಿ ಥಪ್ಪಿ." ಅವನ ನಕ್ಷೆಯಲ್ಲಿ ವಿಳಾಸದ ಜೊತೆ ಜಾತಕವೂ ಇದೆ. ಬಿ-1-4ರಲ್ಲಿ ಇಡಿ ಎಂದು ಯಂತ್ರ ಹೇಳಿದರೆ ಮಳೆಗಾಲದಲ್ಲಿ 80 ಚೀಲ ತೊಯ್ಯುತ್ತವೆ. ಸೋರೋ ಮೂಲಿ ಎಂದು ಗೊತ್ತಿರುವವನು ಅಲ್ಲಿ ಖಾಲಿ ಚೀಲದ ಗಂಟು ಎಸೆಯುತ್ತಾನೆ.

ಮೊದಲು ಬಂದದ್ದು ಮೊದಲು ಹೋಗಬೇಕು ಎಂಬ ನಿಯಮವನ್ನು ಹುಡುಗ ವಿವರಿಸಿದ. ಮುಕಾದಮನಿಗೆ ನಿಯಮದ ಮೇಲೆ ಸಿಟ್ಟಿಲ್ಲ. ಹಳೇ ಮಾಲಿಗೆ ನುಸಿ ಹತ್ತುತ್ತದೆ ಎಂದು ಅವನಿಗೂ ಗೊತ್ತು. ಅವನ ಪ್ರಶ್ನೆ ಬೇರೆ. ಮೊದಲು ಬಂದದ್ದು ಥಪ್ಪಿಯ ಬುಡದಲ್ಲಿ ಇದೆ. ಮೇಲಿನ ಹನ್ನೆರಡು ಸಾಲು ಇಳಿಸಬೇಕು, ಬುಡದ್ದು ತೆಗೆಯಬೇಕು, ಮತ್ತೆ ಹನ್ನೆರಡು ಸಾಲು ಏರಿಸಬೇಕು. "ಮೂರು ಸಲ ಎತ್ತಿದ್ರ ಮೂರು ಸಲದ ಹಮಾಲಿ. ಅದು ಯಾರ ಖಾತಿಗಿ?" ಹುಡುಗನ ಪರದೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಸಾವಕಾರರು ಮೊಬೈಲಿಗೆ ಕರೆ ಬಂದವರಂತೆ ಹೊರಗೆ ಹೋದರು.

ಇನ್ನು ತೂಕ. ಜನವರಿಯಲ್ಲಿ ರಾಶಿ ಮಾಡಿ ಹಸಿಹಸಿಯಾಗಿ ಬಂದ ತೊಗರಿ ಏಪ್ರಿಲ್ ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ. ಕಂಪ್ಯೂಟರ್ ಇದನ್ನು ಕಳವು ಅನ್ನುತ್ತದೆ. ಮುನೀಮರು ಹವಾಮಾನ ಅನ್ನುತ್ತಾರೆ. ಎರಡೂ ಅಲ್ಪಸ್ವಲ್ಪ ಖರೇ. ಬರುವಾಗಲೇ ರೈತನ ಕಡೆಯಿಂದ ಕ್ವಿಂಟಲಿಗೆ ಇಷ್ಟು ಕಿಲೋ ಸೂಟು ಮುರಿದುಕೊಂಡಿದ್ದರೆ ತೂಕ ಇಳಿಯುವ ಬದಲು ಏರಿದ ಪವಾಡವೂ ನಡೆಯುತ್ತದೆ. ಸೂಟಿಗೆ ಕಾನೂನಿನಲ್ಲಿ ಜಾಗವಿಲ್ಲ, ಹಾಗಾಗಿ ಸಾಫ್ಟ್‌ವೇರಿನಲ್ಲೂ ಇಲ್ಲ. ಗೋದಾಮಿನಲ್ಲಿ ಮಾತ್ರ ಇದೆ.

ಬೇಳೆ ಕಾರ್ಖಾನೆಯಲ್ಲಿ ಎಷ್ಟು ಬಗೆಯ ಸರಕು ಇರುತ್ತದೆ ಎಂದು ಹುಡುಗ ಕೇಳಿದಾಗ ಮುನೀಮರು ಬೆರಳು ಮಡಚಿದರು. ಇಡೀ ತೊಗರಿ, ಬೇಳೆಯಲ್ಲಿ ಎರಡು ಮೂರು ನಂಬರು, ನುಚ್ಚು, ಚುನ್ನಿ, ಹೊಟ್ಟು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಯಲ್ಲಿ ಉಳಿದವು. ಇಷ್ಟಕ್ಕೆ ಹತ್ತು ಸಾವಿರ ಸರಕು ಸಂಭಾಳಿಸುವ ಯಂತ್ರ ತರುವುದು ಆಳಂದದಿಂದ ಕಡಗಂಚಿಗೆ ಹೋಗಲು ವಿಮಾನ ಹಿಡಿದಂತೆ.

ಇದ್ದ ಕೆಲವೇ ಸರಕುಗಳೂ ಸಾಫ್ಟ್‌ವೇರಿನ ಮಾತು ಕೇಳುವುದಿಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಅಂಟಿಸಿದ ಪ್ಯಾಕಿನ ಬೇಳೆಕಾಳಿಗೆ ಶೇ 5ರ ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ದೆಹಲಿಯಲ್ಲಿ ಅಧಿಸೂಚನೆಯ ಶಾಯಿ ಆರುವ ಮೊದಲೇ ಮಾರುಕಟ್ಟೆಯಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡವು. ಸಾಫ್ಟ್‌ವೇರ್ ಇದ್ದವರು ಹೊಸ ಅಳತೆ ಸೇರಿಸಲು ಕಂಪನಿಗೆ ಇಮೇಲ್ ಹಾಕಿ ಕಾದರು. ಮುನೀಮರು ದರ್ಜಿಗೆ ಫೋನ್ ಮಾಡಿ ಚೀಲ ಒಂದು ಗೇಣು ಉದ್ದ ಹೊಲಿ ಅಂದರು.

ಇದು ನಮ್ಮ ಹಳ್ಳಿಗಾಡಿನ ಮಂಕುತನ ಎಂದು ಯಾರಾದರೂ ಮೂಗು ಮುರಿಯುವ ಮುಂಚೆ ಜರ್ಮನಿಯ ಲಿಡ್ಲ್ ಅಂಗಡಿ ಸರಪಳಿಯ ಕಥೆ ಕೇಳಬೇಕು. ದಾಸ್ತಾನು ಸಂಭಾಳಿಸಲು ಸ್ಯಾಪ್ ಎಂಬ ಸಾಫ್ಟ್‌ವೇರ್ ಕಂಪನಿಯ ಹೊಸ ವ್ಯವಸ್ಥೆ ತರಲು 2011ರಲ್ಲಿ ಹೊರಟರು. ಏಳು ವರ್ಷ ದುಡಿದು, ಸುಮಾರು 50 ಕೋಟಿ ಯೂರೊ ಸುರಿದು, 2018ರಲ್ಲಿ ಕೈಬಿಟ್ಟರು. ಮುಖ್ಯ ತಕರಾರುಗಳಲ್ಲಿ ಒಂದು ಇದು: ಲಿಡ್ಲ್‌ನವರು ದಾಸ್ತಾನನ್ನು ಕೊಂಡ ದರದಲ್ಲಿ ಲೆಕ್ಕ ಹಾಕುವವರು, ಸಾಫ್ಟ್‌ವೇರ್ ಮಾರುವ ದರದಲ್ಲಿ ಲೆಕ್ಕ ಹಾಕುವಂಥದ್ದು. ನಾವು ಬದಲಾಗುವುದಿಲ್ಲ, ಯಂತ್ರವೇ ಬದಲಾಗಲಿ ಎಂದು ಹಟ ಹಿಡಿದರು. ಗಂಜಿನ ಯಾವ ಮುನೀಮರನ್ನು ಕೇಳಿದ್ದರೂ ಒಂದು ಚಹಾದ ಖರ್ಚಿನಲ್ಲಿ ಹೇಳುತ್ತಿದ್ದರು: ಕೊಂಡ ದರ ಯಾರಿಗೂ ತೋರಿಸಬೇಡ, ಮಾರೋ ದರ ಯಾರಿಗೂ ಬರೆದುಕೊಡಬೇಡ.

ಅಮೆರಿಕದ ಫಾಕ್ಸ್‌ಮೇಯರ್‌ನದು ಇನ್ನೂ ದಾರುಣ. ಔಷಧ ಸಗಟು ವ್ಯಾಪಾರದಲ್ಲಿ ಆ ದೇಶದ ಮುಂಚೂಣಿಯಲ್ಲಿದ್ದ ಕಂಪನಿ. ಹೊಸ ಸಾಫ್ಟ್‌ವೇರನ್ನೂ ಯಂತ್ರಗಳೇ ನಡೆಸುವ ಹೊಸ ಗೋದಾಮನ್ನೂ ಒಟ್ಟಿಗೆ ತಂದು 1996ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಗೋದಾಮುಗಳು ಮುಚ್ಚುತ್ತವೆ ಎಂದು ತಿಳಿದ ಕೆಲಸಗಾರರ ಸಿಟ್ಟಿನಲ್ಲಿ ಸರಕೂ ಕೆಟ್ಟಿತು, ಬೇಡಿಕೆಗಳೂ ಬಾಕಿ ಉಳಿದವು. ಅಲ್ಲಿನ ಮುಕಾದಮನ ಪ್ರಶ್ನೆಗೂ ಯಾರೋ ಮೊಬೈಲ್ ಹಿಡಿದು ಹೊರಗೆ ಹೋಗಿದ್ದರು ಅಂತ ಕಾಣುತ್ತದೆ.

ಹಾಗಾದರೆ ಇದು ಯಾರಿಗೂ ಬೇಡವೇ? ಬೇಕು. ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಸಾಮಾನು ತಲುಪಿಸುವವರ ಮಳಿಗೆಗೆ ಹೋಗಿ ನೋಡಿ. ಸಾವಿರಾರು ಬಗೆಯ ಸರಕು, ಗಂಟೆಗೆ ನೂರಾರು ಬೇಡಿಕೆ, ನಿನ್ನೆ ಸೇರಿ ನಾಳೆ ಬಿಡುವ ಹುಡುಗರು, ತಾರೀಖು ಮುಗಿಯುವ ಹಾಲು ಮೊಸರು. ಅಲ್ಲಿ ಯಾರ ತಲೆಯಲ್ಲೂ ಏನೂ ಇರಲು ಸಾಧ್ಯವಿಲ್ಲ. ಔಷಧ ಸಗಟಿನವರಿಗೆ, ನಾಲ್ಕೈದು ಊರಲ್ಲಿ ಗೋದಾಮು ಇದ್ದು ಒಂದರಲ್ಲಿ ಕೊಳೆಯುವುದನ್ನೇ ಇನ್ನೊಂದರಲ್ಲಿ ಹೊಸದಾಗಿ ಕೊಳ್ಳುವವರಿಗೆ ಬೇಕು. ಇವತ್ತು ಸೇರಿದ ಹುಡುಗ ಯಾರನ್ನೂ ಕೇಳದೆ ಸರಕು ಹುಡುಕಿ ತರಬೇಕು ಅನ್ನುವಂಥ ವ್ಯಾಪಾರಕ್ಕೆ ಬೇಕು. ಮುನೀಮರು ಆಸ್ಪತ್ರೆ ಸೇರಿದ ವಾರ ಬಾಗಿಲು ಹಾಕುವ ಅಂಗಡಿಗೂ ಬೇಕು, ಆದರೆ ಅವರಿಗೆ ಅದಕ್ಕಿಂತ ಮೊದಲು ಎರಡನೇ ಮುನೀಮ ಬೇಕು.

ಉಳಿದವರಿಗೆ ಸುಣ್ಣದ ಡಬ್ಬಿ ಸಾಕು. ಆಹಾರ ನಿಗಮದ ಗೋದಾಮುಗಳಲ್ಲಿ ನೆಲದ ಮೇಲೆ 30 ಅಡಿಗೆ 20 ಅಡಿಯಂತೆ ಥಪ್ಪಿಯ ಗೆರೆ ಎಳೆದಿರುತ್ತಾರೆ. ನಡುವೆ ಓಡಾಡಲು ದಾರಿ, ಕೆಳಗೆ ಮರದ ಹಲಗೆ, ಪ್ರತಿ ಥಪ್ಪಿಗೂ ಒಂದು ಕಾರ್ಡು: ಎಂದು ಬಂತು, ಎಷ್ಟು, ಎಂದು ಗುಳಿಗೆ ಹಾಕಿದ್ದು, ಎಷ್ಟು ಹೋಯಿತು. ಸರ್ಕಾರಿ ಗೋದಾಮುಗಳ ಬಗ್ಗೆ ಏನೇ ಅನ್ನಿ, ಆ ಕಾರ್ಡು ಒಳ್ಳೆಯ ವಿದ್ಯೆ. ಅದನ್ನು ಒಂದು ಹಂಗಾಮು ತಪ್ಪದೆ ತುಂಬಿದ ವ್ಯಾಪಾರಿ ಸಾಫ್ಟ್‌ವೇರ್ ಕೊಳ್ಳಲು ಯೋಗ್ಯನಾಗುತ್ತಾನೆ, ಮತ್ತು ಹೆಚ್ಚಾಗಿ ಅಷ್ಟೊತ್ತಿಗೆ ಅವನಿಗೆ ಅದು ಬೇಡವಾಗಿರುತ್ತದೆ.

ಸಾವಕಾರರು ಕೊಂಡರು. ಕೊಳ್ಳದೆ ಏನು, ಎದುರಿನ ಅಡತಿಯವರು ಕೊಂಡಿದ್ದಾರೆ. ಈಗ ದಿನವಿಡೀ ವ್ಯವಹಾರ ಕೆಂಪು ಬಟ್ಟೆಯ ವಹಿಯಲ್ಲಿ ನಡೆಯುತ್ತದೆ. ಸಂಜೆ ಏಳಕ್ಕೆ ಒಬ್ಬ ಹುಡುಗಿ ಬಂದು ವಹಿಯಲ್ಲಿ ಇದ್ದದ್ದರಲ್ಲಿ ತೋರಿಸಬಹುದಾದಷ್ಟನ್ನು ಕಂಪ್ಯೂಟರಿಗೆ ಹೊಡೆಯುತ್ತಾಳೆ. ಬ್ಯಾಂಕಿನವರು ಬಂದಾಗ ಪರದೆಯನ್ನು ಅವರ ಕಡೆ ತಿರುಗಿಸುತ್ತಾರೆ. ಬ್ಯಾಂಕಿನವರಿಗೆ ಬಹಳ ಖುಷಿ. ದೀಪಾವಳಿಗೆ ವಹಿಯ ಪಕ್ಕದಲ್ಲಿ ಕೀಬೋರ್ಡಿಗೂ ಕುಂಕುಮ ಏರಿಸಿದ್ದಾರೆ. ಎಂಟರ್ ಕೀಲಿ ಅಂದಿನಿಂದ ಅಂಟಿಕೊಂಡಿದೆ.

ಇಷ್ಟೆಲ್ಲ ನಡೆಯುವಾಗ ಗೋದಾಮಿನ ಲೆಕ್ಕ ಖರೇ ಇರಬೇಕು ಎಂದು ಬಯಸಬೇಕಾದ ಒಬ್ಬನೇ ಮನುಷ್ಯನ ಹತ್ತಿರ ಯಾವ ಕಂಪನಿಯ ಹುಡುಗನೂ ಹೋಗುವುದಿಲ್ಲ. ತೊಗರಿ ಬೆಳೆದವನು. ಅವನಿಗೆ ಡಿಸೆಂಬರ್, ಜನವರಿಯಲ್ಲಿ ರಾಶಿ ಆಗುತ್ತದೆ, ಊರೆಲ್ಲ ಒಟ್ಟಿಗೆ ಮಾರುತ್ತದೆ, ದರ ಬೀಳುತ್ತದೆ. 2016-17ರಲ್ಲಿ ದೇಶದ ತೊಗರಿ ಹಿಂದಿನ ವರ್ಷದ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ಇದ್ದರೂ ಮಾರುಕಟ್ಟೆ ಅದರ ಕೆಳಗೆ ಜಾರಿತು. ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತವು, ಆಮೇಲೆ ಕೇಂದ್ರಗಳೇ ನಿಂತವು, ಗೋಣಿ ಚೀಲ ಇಲ್ಲ ಅಂತ. ತೊಗರಿಯ ಕಣಜ ಎಂದು ಫಲಕ ಹಾಕಿಕೊಂಡ ಜಿಲ್ಲೆಯಲ್ಲಿ ತೊಗರಿ ಇತ್ತು, ಹಣ ಇತ್ತು, ಪಟ್ಟಿ ಇತ್ತು, ಚೀಲ ಇರಲಿಲ್ಲ. 2019ರಲ್ಲಿ ಇದೇ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಚೀಲದ ಮೇಲೆ ಅಚ್ಚು ಹಾಕಲು ಒಳ್ಳೆಯದು, ಚೀಲ ಬಂದರೆ.

ಅವನು ಮೂರು ತಿಂಗಳು ಕಾದು ಮಾರಬಲ್ಲನಾದರೆ ಕಥೆ ಬೇರೆ. ಅದಕ್ಕೆ ವ್ಯವಸ್ಥೆಯೂ ಇದೆ. 2007ರ ಉಗ್ರಾಣ ಕಾಯ್ದೆಯ ಕೆಳಗೆ ನೋಂದಾಯಿಸಿದ ಗೋದಾಮಿನಲ್ಲಿ ಮಾಲು ಇಟ್ಟರೆ 2017ರಿಂದ ವಿದ್ಯುನ್ಮಾನ ರಸೀದಿ ಕೊಡುತ್ತಾರೆ. ಅದರ ಮೇಲೆ ಬ್ಯಾಂಕು ಸಾಲ ಕೊಡಬೇಕು, ಬೇಕೆಂದಾಗ ರಸೀದಿಯನ್ನೇ ಮಾರಬಹುದು. 2024ರ ಮಾರ್ಚ್‌ನಲ್ಲಿ ಇ-ಕಿಸಾನ್ ಉಪಜ್ ನಿಧಿ ಎಂಬ ತಾಣವೂ ಬಂತು, ಬೇರೆ ಒತ್ತೆ ಇಲ್ಲದೆ ಶೇ 7ರ ಬಡ್ಡಿಗೆ ಸಾಲ ಎಂದು ದೆಹಲಿಯಲ್ಲಿ ಘೋಷಿಸಿದರು. ಈ ಇಡೀ ಧಂದೆಯಲ್ಲಿ ಗೋದಾಮಿನ ಸಾಫ್ಟ್‌ವೇರಿಗೆ ಅರ್ಥ ಬರುವುದು ಇಲ್ಲಿಯೇ. ರಸೀದಿಯಲ್ಲಿ ಬರೆದ ಚೀಲ, ಗೋದಾಮಿನಲ್ಲಿ ಇರುವ ಚೀಲ ಎರಡೂ ಒಂದೇ ಆಗಿರಬೇಕು. ಅಡತಿಯವರಿಗೆ ಇದು ರುಚಿಸದೆ ಇರುವುದು ಸಹಜ. ರೈತ ಕಾಯಲು ಕಲಿತರೆ ಜನವರಿಯಲ್ಲಿ ಅವರ ಥಪ್ಪಿ ಏರುವುದು ಹೇಗೆ?

ಡೆಮೊ ಮುಗಿಸಿದ ಹುಡುಗ 2025ರ ಜನವರಿಯ ಒಂದು ಮಧ್ಯಾಹ್ನ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಹಳ್ಳಿಯ ಹೋಟೆಲಿನ ಮುಂದೆ ಚಹಾಕ್ಕೆ ನಿಂತ ಎಂದಿಟ್ಟುಕೊಳ್ಳಿ. ತೊಗರಿಗೆ ಕೇಂದ್ರದ ಬೆಂಬಲ ಬೆಲೆ 7,550, ರಾಜ್ಯ ಮೇಲೆ 450 ಸೇರಿಸುತ್ತದೆ ಎಂಬ ಸುದ್ದಿ. ಕಟ್ಟೆಯ ಮೇಲೆ ಕೂತ ಮುದುಕನನ್ನು ಹುಡುಗ ಅಭ್ಯಾಸಬಲದಿಂದ ಕೇಳುತ್ತಾನೆ, "ಅಜ್ಜಾ, ನಿಮ್ಮ ದಾಸ್ತಾನು ಎಷ್ಟಿದೆ?"

ಮುದುಕ ಮುಖ ನೋಡುವುದಿಲ್ಲ, ಹಿಂದೆ ಮುಂದೆ ನೋಡುವುದಿಲ್ಲ. "ಹದಿನಾಲ್ಕು ಚೀಲ ಅವ. ಬೀಜಕ್ಕ ಅರ್ಧ, ಮನಿಗಿ ಒಂದು, ಗುಡಿಗಿ ಒಂದ್ ಸೇರು. ಉಳದದ್ದೆಲ್ಲ ಅಡತಿ ಸಾವಕಾರಂದು, ಗೊಬ್ಬರದ ಉದ್ರಿ ಅದ."

ಗಂಜಿನಲ್ಲಿ ಇಡೀ ದಿನ ಕೂತರೂ ಸಿಗದ ಲೆಕ್ಕ ಅರ್ಧ ಚಹಾದಲ್ಲಿ ಸಿಕ್ಕಿದ್ದಕ್ಕೆ ಹುಡುಗನಿಗೆ ಪಾಪ ಅನಿಸುತ್ತದೆ. ಫೋನ್ ತೆಗೆದು ಅಜ್ಜನ ಹೆಸರನ್ನು ಸಾಲದ ತಾಣದಲ್ಲಿ ತುಂಬಲು ಕೂರುತ್ತಾನೆ. ಹೆಸರು ಆಯಿತು, ಊರು ಆಯಿತು, ಒಟಿಪಿ ಕೇಳುತ್ತದೆ. ಅಜ್ಜನ ಆಧಾರಿಗೆ ಜೋಡಿಸಿದ ನಂಬರು ಮಗನದು. ಮಗ ಭಿವಂಡಿಯಲ್ಲಿದ್ದಾನೆ, ದೊಡ್ಡದೊಂದು ಗೋದಾಮಿನಲ್ಲಿ, ಕೈಗೆ ಸ್ಕ್ಯಾನರ್ ಕಟ್ಟಿಕೊಂಡು ಪಾರ್ಸಲ್ ಎಣಿಸುವ ಕೆಲಸ. ಅಲ್ಲಿ ಒಂದು ಸೂಜಿ ಕಳೆದರೂ ಕಂಪ್ಯೂಟರಿಗೆ ತಿಳಿಯುತ್ತದೆಯಂತೆ. ಫೋನನ್ನು ಮಾತ್ರ ಗೇಟಿನಲ್ಲಿ ಕೊಟ್ಟು ಒಳಗೆ ಹೋಗಬೇಕು, ಪಾಳಿ ಮುಗಿಯುವುದು ರಾತ್ರಿ ಹತ್ತಕ್ಕೆ.

"ಒಟಿಪಿ ಎಷ್ಟೊತ್ತು ಇರ್ತದ ತಮ್ಮಾ?"

"ಹತ್ತು ನಿಮಿಷ, ಅಜ್ಜಾ."

ಅಡತಿಯ ಟೆಂಪೊ ಆಗಲೇ ಊರ ಅಗಸಿ ದಾಟಿ ಬರುತ್ತಿತ್ತು.